ಸುರಪುರದ ಬಾಲರಾಜನೂ ಅವನ ಶಿಕ್ಷಕನೂ

ಈಗ ಯಾದಗಿರಿ ಜಿಲ್ಲೆಗೆ ಸೇರಿರುವ ಸುರಪುರವು ಪೂರ್ವದಲ್ಲಿ ಬೇಡ ನಾಯಕರ ರಾಜಧಾನಿಯಾಗಿದ್ದುದು ವಾಚಕರಿಗೆ ವಿದಿತವೇ ಇದೆ. ರಾಜ ಕೃಷ್ಣಪ್ಪ ನಾಯಕನ ಮರಣಾನಂತರ ರಾಣಿ ಈಶ್ವರಮ್ಮನಿಗೂ ಮೈದುನ ಪಿಡ್ಡ ನಾಯಕನಿಗೂ ಅಧಿಕಾರದ ವಿವಾದವುಂಟಾಯಿತು. ಆಗ, 1841ರಲ್ಲಿ, ನಿಜಾಮನ ಸೈನ್ಯದ ಅಧಿಕಾರಿ ಕ್ಯಾಪ್ಟನ್ ಮೆಡೋಸ್ ಟೇಲರನು ಪೊಲಿಟಿಕಲ್ ಏಜೆಂಟನಾಗಿ ಬಂದನು. ಶಹಾಪುರದ ಬಳಿಯ ವಿಭೂತಿಹಳ್ಳಿಯ ಶಿಲಾಪಂಕ್ತಿಗಳನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿದವನೂ ಇವನೇ.

ಬಾಲರಾಜ ವೆಂಕಟಪ್ಪ ನಾಯಕನನ್ನು ರಾಜ್ಯಭಾರಕ್ಕೆ ಸಿದ್ಧಗೊಳಿಸುವ ಹೊಣೆಯು ಟೇಲರನ ಮೇಲೆ ಬಿದ್ದಿತು. ಅವನ ಕೈಯಲ್ಲಿದ್ದ ಶಕ್ತಿ ಎರಡು ಬಗೆಯದು. ಒಂದು, ಹುದ್ದೆಯಿಂದ ಬಂದುದು: ಬೊಕ್ಕಸ, ಕಂದಾಯ, ನ್ಯಾಯವಿಚಾರಣೆಗಳೆಲ್ಲವೂ ಅವನ ಮೇಲ್ವಿಚಾರಣೆಯಲ್ಲಿದ್ದುವು. ಇನ್ನೊಂದು, ವಾತ್ಸಲ್ಯದಿಂದ ಬಂದುದು: ರಾಜನು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ಆದರೆ ಕಲಿಸುವವನೇ ಆಳುವವನಾದಲ್ಲಿ, ಕಲಿಯುವವನು ತಾನೇ ನಿರ್ಣಯಿಸಿ, ತಪ್ಪಿ, ತಿದ್ದಿಕೊಳ್ಳುವ ಅವಕಾಶವು ಸಂಕುಚಿತವಾಗುತ್ತದೆ. 1853ರಲ್ಲಿ ರಾಜನಿಗೆ ಅಧಿಕಾರವನ್ನೊಪ್ಪಿಸಿ ಟೇಲರನು ನಿರ್ಗಮಿಸಿದಾಗ ಹುದ್ದೆಯ ಅಂಕುಶವು ಒಮ್ಮೆಲೇ ಸಡಿಲಿತು.

1858ರ ಫೆಬ್ರವರಿಯಲ್ಲಿ ಸುರಪುರವು ಬ್ರಿಟಿಷರ ವಿರುದ್ಧ ದಂಗೆಯೆದ್ದಿತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದನು. ರಾಜನು ಹೈದರಾಬಾದಿಗೆ ಹೋಗಿ ಸೆರೆಯಾದನು. ಟೇಲರನು ಸೆರೆಮನೆಯಲ್ಲಿ ಅವನನ್ನು ಕಂಡು, ರೆಸಿಡೆಂಟನ ಬಳಿಗೆ ಹೋಗಿ ನಡೆದುದನ್ನು ತಿಳಿಸುವಂತೆ ಬೋಧಿಸಿದನು. ಹುದ್ದೆಯ ಬಲವು ಸಾಧಿಸಲಾರದುದನ್ನು ವಾತ್ಸಲ್ಯವು ಸಾಧಿಸೀತೆಂಬ ನಿರೀಕ್ಷೆ ಅಲ್ಲಿತ್ತು. ರಾಜನು ಶಿಕ್ಷಕನನ್ನು ಪ್ರೀತಿಯಿಂದಲೇ ಬರಮಾಡಿಕೊಂಡನು. ಆದರೆ ಪ್ರಾಣಭಿಕ್ಷೆ ಬೇಡಲೂ ತನ್ನವರನ್ನು ಹಿಡಿದುಕೊಡಲೂ ಸಮ್ಮತಿಸಲಿಲ್ಲ. ಮರಣದಂಡನೆಯು ಕೊನೆಗೆ ನಾಲ್ಕು ವರ್ಷಗಳ ಸೆರೆಯಾಗಿ ಇಳಿಯಿತು. ಚೆಂಗಲ್ಪಟ್ಟಿಗೆ ಒಯ್ಯುತ್ತಿದ್ದ ಮಾರ್ಗದಲ್ಲಿ, ಅದೇ ವರ್ಷದ ಮೇ ತಿಂಗಳಲ್ಲಿ, ಅವನು ಗುಂಡೇಟಿನಿಂದ ಮೃತನಾದನು. 1860ರಲ್ಲಿ ಸಂಸ್ಥಾನವು ನಿಜಾಮನ ರಾಜ್ಯದಲ್ಲಿ ವಿಲೀನವಾಯಿತು.

ಈ ಸಂಬಂಧದ ಮುಖ್ಯ ಆಧಾರವು 1877ರಲ್ಲಿ, ಟೇಲರನ ಮರಣಾನಂತರ, ಪ್ರಕಟವಾದ ಅವನ ಆತ್ಮಕಥೆಯೆಂಬುದನ್ನು ಮರೆಯಲಾಗದು. ಶಿಷ್ಯನ ಮಾತುಗಳೂ ಶಿಕ್ಷಕನ ಲೇಖನಿಯಿಂದಲೇ ನಮಗೆ ಬಂದಿವೆ. ಆದರೂ ಆ ನಿರಾಕರಣೆಯನ್ನು ಟೇಲರನು ಮುಚ್ಚಿಡಲಿಲ್ಲ. ತನ್ನ ಸಲಹೆಯು ನಿಷ್ಫಲವಾದುದನ್ನು ತಾನೇ ದಾಖಲಿಸಿದವನ ಸಾಕ್ಷ್ಯವು ಈ ಒಂದು ಅಂಶದಲ್ಲಾದರೂ ವಿಶ್ವಾಸಾರ್ಹವೆನ್ನಬೇಕು. ಹನ್ನೆರಡು ವರ್ಷ ಮತ್ತೊಬ್ಬರ ಆಜ್ಞೆಯಲ್ಲಿ ಬೆಳೆದ ರಾಜನು ಸ್ವತಂತ್ರವಾಗಿ ನಿರ್ಣಯಿಸಿದುದು ಎಲ್ಲಿ ಎಂದು ಕೇಳಿದರೆ, ಆ ಸೆರೆಮನೆಯನ್ನೇ ತೋರಿಸಬೇಕಾಗುತ್ತದೆ.