ಬಣ್ಣದ ಗಿಡದಿಂದ ಸೋಯಾ ಮಾತ್ರೆಯವರೆಗೆ

ಬಿನ್ನಿಪೇಟೆಯಲ್ಲಿರೋ ನಮ್ಮ ಅತ್ತೆಗೆ ಸ್ತನ ಕ್ಯಾನ್ಸರ್ ಆಗಿ ಆಪರೇಷನ್ ಆಯ್ತು. ಈಗ ದಿನಾ ಟ್ಯಾಮಾಕ್ಸಿಫೆನ್ ಮಾತ್ರೆ. ಹೋದ ತಿಂಗಳು ನೋಡಲು ಹೋದಾಗ ಟೇಬಲ್ ಮೇಲೆ ಇನ್ನೊಂದು ಡಬ್ಬಿ ಕಾಣಿಸ್ತು. ಸೋಯಾ ಐಸೊಫ್ಲೇವೋನ್! "ಆಂಟಿಆಕ್ಸಿಡೆಂಟು, ಇದು ತಗೊಂಡ್ರೆ ಕ್ಯಾನ್ಸರ್ ವಾಪಸ್ ಬರಲ್ಲ" ಅಂತ ಯಾರೋ ನೆಂಟರು ತಂದುಕೊಟ್ಟಿದ್ದರಂತೆ. ಪಕ್ಕದ ಮನೆಯವರು ಉಲ್ಟಾ. "ಸೋಯಾ ಮುಟ್ಟಲೇಬೇಡಿ, ಅದರಲ್ಲಿ ಹಾರ್ಮೋನಿದೆ" ಅಂದರಂತೆ. ಅತ್ತೆ ನನ್ನ ಮುಖ ನೋಡಿ, "ನೀನು ಇಂಜಿನಿಯರ್ ಅಲ್ವಾ, ಒಳ್ಳೇದೋ ಕೆಟ್ಟದ್ದೋ ಹೇಳು" ಅಂದರು.

ಸಾಫ್ಟ್‌ವೇರಿಗೂ ಕ್ಯಾನ್ಸರಿಗೂ ಏನು ಸಂಬಂಧ ಸ್ವಾಮಿ? ಆದರೂ ಹುಡುಕಿ ಓದತೊಡಗಿದೆ. ಸಿಕ್ಕಿದ ಕಥೆ ಶುರುವಾಗುವುದು ಸೋಯಾದಿಂದಲ್ಲ, ಬಟ್ಟೆಯ ಬಣ್ಣದಿಂದ. ಮಾವನಿಗೆ ಖುಷಿಯೋ ಖುಷಿ. ಅವರು ಬಿನ್ನಿ ಮಿಲ್ಲಿನ ಡೈಯಿಂಗ್ ಸೆಕ್ಷನ್ನಿನಲ್ಲಿ ದುಡಿದವರು. 1884ರಲ್ಲಿ ಶುರುವಾಗಿ ಈ ಪೇಟೆಗೆ ಹೆಸರು ಕೊಟ್ಟ ಆ ಮಿಲ್ಲು ಈಗಿಲ್ಲ, ಆ ಜಾಗದಲ್ಲಿ ಅಪಾರ್ಟ್‌ಮೆಂಟು, ಮಾಲ್ ಎದ್ದಿವೆ.

ಯುರೋಪಿನಲ್ಲಿ ಉಣ್ಣೆಗೆ ಹಳದಿ ಬಣ್ಣ ಕೊಡಲು ಜೆನಿಸ್ಟಾ ಟಿಂಕ್ಟೋರಿಯಾ ಅನ್ನೋ ಗಿಡ ಬಳಸುತ್ತಿದ್ದರು. 1899ರಲ್ಲಿ ಎ.ಜಿ. ಪರ್ಕಿನ್ ಮತ್ತು ನ್ಯೂಬರಿ ಅದರಿಂದ ಒಂದು ವಸ್ತುವನ್ನು ಬೇರ್ಪಡಿಸಿದರು. ಗಿಡದ ಹೆಸರಿನಿಂದಲೇ ಅದು ಜೆನಿಸ್ಟೀನ್ ಆಯಿತು. (ಈ ಪರ್ಕಿನ್ ಅವರ ಅಪ್ಪನೇ 1856ರಲ್ಲಿ ಮೊದಲ ಕೃತಕ ಬಣ್ಣ ಮಾವ್ ಕಂಡುಹಿಡಿದವರು.) ತಮಾಷೆ ಅಂದ್ರೆ ಆ ಗಿಡದ ಹಳದಿಗೆ ಮುಖ್ಯ ಕಾರಣ ಲ್ಯೂಟಿಯೊಲಿನ್ ಅನ್ನೋ ಬೇರೆ ವಸ್ತು. ಬಣ್ಣದವರಿಗೆ ಜೆನಿಸ್ಟೀನ್ ಅಷ್ಟೇನೂ ಬೇಕಿರಲಿಲ್ಲ. ಅದು ಸೋಯಾ ಕಾಳಿನಲ್ಲೂ ಇದೆ ಅಂತ 1931ರಲ್ಲಿ ಜರ್ಮನಿಯ ವಾಲ್ಜ್ ತೋರಿಸಿದರು.

1940ರ ದಶಕದಲ್ಲಿ ಸೋಯಾ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೂ ಬಂತು. ವಿ. ಸುಬ್ರಹ್ಮಣ್ಯನ್, ಎಸ್.ಎಸ್. ಡೆ, ಎಚ್.ಎಸ್.ಆರ್. ದೇಶಿಕಾಚಾರ್ ಸೋಯಾ ಹಾಲಿನ ಪೌಷ್ಟಿಕತೆಯನ್ನು ಪರೀಕ್ಷಿಸಿದರು. 1943ರ ಬಂಗಾಳದ ಬರ ಕಣ್ಣೆದುರಿಗಿದ್ದ ಕಾಲ. ಹಾಲಿಲ್ಲದ ಮಕ್ಕಳಿಗೆ ಏನು ಕುಡಿಸೋದು, ಅದು ಮೈಗೆ ಹತ್ತುತ್ತದೆಯೇ ಅನ್ನೋದು ಅವರ ಪ್ರಶ್ನೆ. ಸುಬ್ರಹ್ಮಣ್ಯನ್ ಮುಂದೆ 1950ರಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐನ ಮೊದಲ ನಿರ್ದೇಶಕರಾದರು. ಅದೇ ಕಾಳಿನ ಜೆನಿಸ್ಟೀನ್ ಬಗ್ಗೆ ಆಗ ಯಾರಿಗೂ ಆಸೆಯೂ ಇರಲಿಲ್ಲ, ಭಯವೂ ಇರಲಿಲ್ಲ.

ಭಯ ಹುಟ್ಟಿದ್ದು ಕುರಿಗಳಿಂದ! ಅದೇ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕ್ಲೋವರ್ ಮೇವು ತಿಂದ ಕುರಿಗಳು ಗರ್ಭ ಕಟ್ಟದಾದವು. ಕ್ಲೋವರಿನಲ್ಲಿರೋ ಜೆನಿಸ್ಟೀನ್ ಮತ್ತು ಅದರ ದಾಯಾದಿಗಳು ಈಸ್ಟ್ರೋಜೆನ್ ಥರ ನಟಿಸುತ್ತವೆ ಅಂತ ಆಮೇಲೆ ಗೊತ್ತಾಯಿತು. ಪಕ್ಕದ ಮನೆಯವರ "ಹಾರ್ಮೋನಿದೆ"ಯ ಮೂಲ ಇಲ್ಲಿದೆ.

ಆಸೆ ಹುಟ್ಟಿದ್ದು 1987ರಲ್ಲಿ. ಟೈರೊಸಿನ್ ಕೈನೇಸ್ ಅನ್ನೋ ಕಿಣ್ವಗಳು ಜೀವಕೋಶಕ್ಕೆ "ಬೆಳಿ" ಅಂತ ಸಂದೇಶ ಮುಟ್ಟಿಸುತ್ತವೆ. ಜೆನಿಸ್ಟೀನ್ ಅವನ್ನು ತಡೆಯುತ್ತದೆ ಅಂತ ಜಪಾನಿನ ಅಕಿಯಾಮಾ ತಂಡ ತೋರಿಸಿತು. 1993ರಲ್ಲಿ, ಗಡ್ಡೆಗೆ ಬೇಕಾದ ಹೊಸ ರಕ್ತನಾಳಗಳ ಬೆಳವಣಿಗೆಯನ್ನೂ ಅದು ಕುಗ್ಗಿಸಬಲ್ಲದು ಅಂತ ಇನ್ನೊಂದು ತಂಡ ಹೇಳಿತು. ಎಲ್ಲಾ ಗಾಜಿನ ತಟ್ಟೆಯಲ್ಲಿ! ಅಲ್ಲಿ ಹಾಕಿದ ಪ್ರಮಾಣಕ್ಕೆ ಹೋಲಿಸಿದರೆ ಊಟದಿಂದ ರಕ್ತಕ್ಕೆ ಸೇರೋದು ತೀರಾ ಕಡಿಮೆ. ಟೆಸ್ಟ್ ಮೆಷಿನ್ನಿನಲ್ಲಿ ಓಡಿದ ಕೋಡು ಕಸ್ಟಮರ್ ಹತ್ತಿರ ಓಡಲ್ಲ ಅನ್ನೋದು ನಮಗೆ ಗೊತ್ತಿಲ್ವೇ?

ಇನ್ನು ಆಂಟಿಆಕ್ಸಿಡೆಂಟ್. ಜೆನಿಸ್ಟೀನ್ ತನ್ನ ಒಂದು ಹೈಡ್ರೋಜನ್ ಕೊಟ್ಟು ಪುಂಡ ಕಣಗಳನ್ನು ತಣ್ಣಗಾಗಿಸಬಲ್ಲದು, ನಿಜ. ಆದರೆ ಆಂಟಿಆಕ್ಸಿಡೆಂಟ್ ಅಂದ ಮಾತ್ರಕ್ಕೆ ಕ್ಯಾನ್ಸರಿಗೆ ಮದ್ದಾಗಲ್ಲ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ಬೀಟಾ ಕೆರೊಟಿನ್ ಮಾತ್ರೆ ಪರೀಕ್ಷಿಸಿದ್ದರು. 1994ರಲ್ಲಿ ಫಲಿತಾಂಶ ಬಂದಾಗ ಮಾತ್ರೆ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18 ಹೆಚ್ಚಾಗಿತ್ತು! ಕ್ಯಾರೆಟ್ ಬೇರೆ, ಬೀಟಾ ಕೆರೊಟಿನ್ ಮಾತ್ರೆ ಬೇರೆ.

ಸೋಯಾದ್ದೂ ಹೆಚ್ಚುಕಡಿಮೆ ಇದೇ ಕಥೆ. ಅಂಡಾಶಯ ತೆಗೆದ ಇಲಿಗಳಿಗೆ ಜೆನಿಸ್ಟೀನ್ ಕೊಟ್ಟಾಗ ಈಸ್ಟ್ರೋಜೆನ್ ಬೇಡುವ ಗಡ್ಡೆಗಳು ಬೆಳೆದವು, ಟ್ಯಾಮಾಕ್ಸಿಫೆನ್ ಕೆಲಸಕ್ಕೂ ಅಡ್ಡಿಯಾಯಿತು. ಆದರೆ 2009ರಲ್ಲಿ ಬಂದ ಶಾಂಘೈ ಅಧ್ಯಯನದಲ್ಲಿ, ಸ್ತನ ಕ್ಯಾನ್ಸರ್ ಆಗಿದ್ದ 5,042 ಹೆಂಗಸರ ಪೈಕಿ ಊಟದಲ್ಲಿ ಸೋಯಾ ಹೆಚ್ಚು ತಿಂದವರಲ್ಲಿ ಸಾವೂ ಕಡಿಮೆ, ಕ್ಯಾನ್ಸರ್ ಮರುಕಳಿಸಿದ್ದೂ ಕಡಿಮೆ. ಟ್ಯಾಮಾಕ್ಸಿಫೆನ್ ತಗೊಳ್ಳುತ್ತಿದ್ದವರಲ್ಲೂ ಅಷ್ಟೇ. ಸೋಯಾದಿಂದಲೇ ಹಾಗಾಯಿತು ಅಂತ ಇದು ಸಾಬೀತು ಮಾಡಲ್ಲ. ಆದರೆ "ಮುಟ್ಟಲೇಬೇಡಿ" ಅನ್ನೋ ಭಯಕ್ಕೆ ಆಧಾರವಿಲ್ಲ ಅನ್ನುವಷ್ಟು ಹೇಳುತ್ತದೆ. ಅವರು ತಿಂದದ್ದು ತೋಫು, ಸೋಯಾ ಹಾಲು. ಡಬ್ಬಿಯ ಮಾತ್ರೆಯಲ್ಲ.

ಇಷ್ಟೆಲ್ಲಾ ಓದಿದರೂ ತೀರ್ಪು ಕೊಡಲು ನಾನ್ಯಾರು? ಡಬ್ಬಿ ಹಿಡಿದುಕೊಂಡು ಅತ್ತೆಯ ಜೊತೆ ಡಾಕ್ಟರ ಹತ್ತಿರ ಹೋದೆ. ಅವರು ಲೇಬಲ್ ಓದಿ, "ಇದು ನಿಲ್ಲಿಸಿ. ಪಲ್ಯದಲ್ಲಿ ಸೋಯಾ ತಿನ್ನೋದಕ್ಕೆ ಅಡ್ಡಿಯಿಲ್ಲ. ಟ್ಯಾಮಾಕ್ಸಿಫೆನ್ ಮಾತ್ರ ಒಂದು ದಿನವೂ ತಪ್ಪಿಸಬೇಡಿ" ಅಂದರು. ಆಗ ಗೊತ್ತಾಯ್ತು, ಹೊಸ ಮಾತ್ರೆ ಇದೆಯಲ್ಲ ಅಂತ ಅತ್ತೆ ನಾಲ್ಕೈದು ದಿನ ಟ್ಯಾಮಾಕ್ಸಿಫೆನ್ ಬಿಟ್ಟಿದ್ದರು! ನನಗೆ ಎದೆ ಧಸಕ್ ಅಂತು. ಕುರಿ, ಇಲಿ, ಶಾಂಘೈ ಅಂತ ಊರೆಲ್ಲಾ ಸುತ್ತಿದ ನಾನು ಇದೊಂದನ್ನು ಕೇಳಿರಲೇ ಇಲ್ಲ.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಡಾಕ್ಟರಿಗೆ ತೋರಿಸಿ. ಜೊತೆಗೆ ಅಸಲಿ ಮಾತ್ರೆ ನುಂಗುತ್ತಿದ್ದಾರಾ ಅಂತಲೂ ಕೇಳಿ.

ಅಂದ ಹಾಗೆ, ಬಿನ್ನಿ ಮಿಲ್ಲಿನ ಡೈಯಿಂಗ್ ಸೆಕ್ಷನ್ನಿನಲ್ಲಿ ಕೆಲಸ ಮಾಡಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಬರೆಯಿರಿ. ಮಾವ ಕಾಯ್ತಿದ್ದಾರೆ.