ಜಾಕಿಯ ಕೆಳಗೊಂದು ಹಲಗೆ

1987ರ ಜುಲೈ ತಿಂಗಳು. ಸಕಲೇಶಪುರದ ಆಚೆಗಿನ ಒಂದು ಎಸ್ಟೇಟ್ ರಸ್ತೆ. ಎದುರಿಂದ ಬಂದ ಬಸ್ಸಿಗೆ ದಾರಿ ಬಿಡಲು ನನ್ನ ಸೋದರಮಾವ ಲಾರಿಯನ್ನು ಎಡಕ್ಕೆ ಸರಿಸಿದ್ದೇ ತಡ, ಹಿಂದಿನ ಎಡಗಾಲಿ ರಸ್ತೆಯಂಚಿನ ಕೆಸರಿನಲ್ಲಿ ಹೂತುಹೋಯಿತು. ಮಳೆ ಬಿಟ್ಟೂ ಬಿಡದೆ ಸುರಿಯುತ್ತಿತ್ತು. ಲಾರಿಯಲ್ಲಿದ್ದವರು ಮೂವರು: ಮಾವ, ಹದಿನೇಳು ವರ್ಷದ ಕ್ಲೀನರ್ ಹುಡುಗ, ಪಾಲಿಟೆಕ್ನಿಕ್ ಸೀಟಿಗೆ ಕಾಯುತ್ತ ಸುಮ್ಮನೆ ಜೊತೆಗೆ ಹೊರಟಿದ್ದ ನಾನು.

ಅವತ್ತು ಮಾವ ನನಗೆ ಹೇಳಿದ ಕೆಲಸ ಒಂದೇ. ‘ಆ ಕಡೆ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡೋ.’ ನಾನು ಹಿಂದೆ ಒಂದು ಕಲ್ಲು ಕೊಟ್ಟೆ. ಮುಂದೆ ಕೊಡಲು ತಕ್ಕ ಕಲ್ಲು ಹತ್ತಿರದಲ್ಲಿ ಕಾಣಲಿಲ್ಲ. ಹುಡುಕುತ್ತಿದ್ದವನನ್ನು ಕ್ಲೀನರ್ ಹುಡುಗನೇ ತಡೆದ. ‘ಗೇರಲ್ಲಿದೆ ಬಿಡಣ್ಣ, ಎಲ್ಲಿಗೋಗತ್ತೆ.’ ನನಗಿಂತ ದೊಡ್ಡವನಾದರೂ ಲಾರಿ ಮಾಲೀಕರ ಅಳಿಯನೆಂದು ನನ್ನನ್ನು ಅಣ್ಣ ಎನ್ನುತ್ತಿದ್ದ. ನಾನು ಬಿಟ್ಟುಬಿಟ್ಟೆ.

ಮುಂದೆ ಆದದ್ದನ್ನು ಹೇಳುವ ಮೊದಲು ಆ ಜಾಕಿಯ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಮೂವತ್ತು ವರ್ಷ ಮೆಕ್ಯಾನಿಕಲ್ ಪಾಠ ಹೇಳಿದ ಮೇಲೂ ಆ ವಸ್ತುವನ್ನು ನೋಡಿದರೆ ನನಗೆ ಮೊದಲು ನೆನಪಾಗುವುದು ಆ ಮಳೆಯೇ.

ಇಂಗ್ಲಿಷಿನಲ್ಲಿ ‘ಜಾಕ್’ ಎಂದರೆ ಮೂಲದಲ್ಲಿ ಒಬ್ಬ ಮನುಷ್ಯ. ಜಾನ್ ಎಂಬ ಹೆಸರಿನ ಸಲಿಗೆಯ ರೂಪ. ಊರಿನ ಯಾವುದೇ ಸಾಮಾನ್ಯ ಹುಡುಗನನ್ನು, ಆಳನ್ನು ಹಾಗೆ ಕರೆಯುತ್ತಿದ್ದರು. ಬೂಟು ಕಳಚಿಕೊಡುವ, ಒಲೆಯ ಮುಂದೆ ಕೂತು ಮಾಂಸದ ಸಲಾಕೆ ತಿರುಗಿಸುವ ಹುಡುಗನ ಕೆಲಸವನ್ನು ಸಾಧನಗಳು ಮಾಡತೊಡಗಿದಾಗ ಹುಡುಗನ ಹೆಸರು ಆ ಸಾಧನಗಳಿಗೇ ಅಂಟಿಕೊಂಡಿತು. ಭಾರ ಎತ್ತುವ ಸಾಧನವೂ ಹಾಗೆಯೇ ಜಾಕ್ ಆಯಿತು. ನಮ್ಮ ಬಾಯಲ್ಲಿ ಅದು ಜಾಕಿ. ಲಾರಿಯ ಅಡಿಗೆ ಜಾಕಿಯನ್ನು ತಳ್ಳುತ್ತಿದ್ದವನೂ ಅಂಥ ಒಬ್ಬ ಹುಡುಗನೇ.

ಭಾರ ಎತ್ತುವ ತಿರುಪು ಬಹಳ ಹಳೆಯದು. 13ನೆಯ ಶತಮಾನದ ಫ್ರೆಂಚ್ ಚಿತ್ರಕಾರ ವಿಲಾರ್ ದ ಒನ್ಕೂರ್‌ನ ಚಿತ್ರಪುಸ್ತಕದಲ್ಲಿ ತಿರುಪಿನಿಂದ ಭಾರ ಎತ್ತುವ ಯಂತ್ರದ ಚಿತ್ರವಿದೆ. ಲಿಯೊನಾರ್ಡೊ ಕೂಡ ಜಾಕಿಗಳನ್ನು ಬರೆದಿದ್ದಾನೆ. ತಿರುಪಿನ ಗುಣವೆಂದರೆ, ಹಿಡಿಕೆ ಬಿಟ್ಟರೂ ಅದು ತಾನಾಗಿ ಕೆಳಗಿಳಿಯುವುದಿಲ್ಲ. ಅದರ ಏರಿಗಳ ನಡುವಿನ ಘರ್ಷಣೆಯೇ ಭಾರವನ್ನು ತಡೆದು ನಿಲ್ಲಿಸುತ್ತದೆ. ನಾವು ಹಾಕುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಆ ಘರ್ಷಣೆ ನುಂಗಿಬಿಡುತ್ತದೆ ನಿಜ. ಆ ನಷ್ಟಕ್ಕೆ ಪ್ರತಿಯಾಗಿ ಸಿಗುವುದು ಭದ್ರತೆ.

ಎರಡನೆಯ ಜಾಕಿ ಎಣ್ಣೆಯದು. 1795ರಲ್ಲಿ ಜೋಸೆಫ್ ಬ್ರಾಮಾ ಎಂಬ ಇಂಗ್ಲಿಷ್ ಬೀಗ ತಯಾರಕ ದ್ರವದ ಒತ್ತಡದಿಂದ ನಡೆಯುವ ಪ್ರೆಸ್ಸಿಗೆ ಪೇಟೆಂಟ್ ಪಡೆದ. ಸಣ್ಣ ಕೊಳವೆಯಲ್ಲಿ ಹಾಕಿದ ಒತ್ತಡ ದೊಡ್ಡ ಕೊಳವೆಯಲ್ಲಿ ದೊಡ್ಡ ಬಲವಾಗಿ ಏಳುತ್ತದೆ ಎಂಬ ಪಾಸ್ಕಲ್‌ನ ತತ್ವ ಗೊತ್ತಿದ್ದದ್ದೇ. ತೊಡಕಿದ್ದದ್ದು ಸೋರಿಕೆಯಲ್ಲಿ. ಬ್ರಾಮಾನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್ಸ್‌ಲಿ, ಒತ್ತಡ ಹೆಚ್ಚಿದಷ್ಟೂ ಬಿಗಿಯಾಗುವ ಬಟ್ಟಲಿನಾಕಾರದ ತೊಗಲು ಅಳವಡಿಸಿ ಅದನ್ನು ನಿಲ್ಲಿಸಿದನೆನ್ನುತ್ತಾರೆ. 1851ರಲ್ಲಿ ನ್ಯೂಯಾರ್ಕಿನ ರಿಚರ್ಡ್ ಡಜನ್ ಕೈಯಲ್ಲಿ ಒಯ್ಯಬಹುದಾದ ಹೈಡ್ರಾಲಿಕ್ ಜಾಕಿಗೆ ಪೇಟೆಂಟ್ ಪಡೆದ. ಕೆಲವೇ ವರ್ಷಗಳಲ್ಲಿ, ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಜಗ್ಗದೆ ಕೂತಿದ್ದ ‘ಗ್ರೇಟ್ ಈಸ್ಟರ್ನ್’ ಹಡಗನ್ನು ಇಂಥ ಯಂತ್ರಗಳೇ ಇಂಚಿಂಚಾಗಿ ತಳ್ಳಿ 1858ರ ಜನವರಿಯಲ್ಲಿ ನೀರಿಗಿಳಿಸಿದವು. ಲಾರಿಯ ಸೀಟಿನಡಿ ಇರುವ ಬಾಟಲಿ ಜಾಕಿ ಆ ಯಂತ್ರದ ಮರಿಮಗ.

ಇಷ್ಟು ಬಲವಿದ್ದೂ ಜಾಕಿ ಕೆಸರಿನಲ್ಲಿ ಸೋಲುತ್ತದೆ. ಯಾಕೆಂದು ಲೆಕ್ಕ ಹಾಕಿ ನೋಡೋಣ. ಗಾಲಿಯ ಮೇಲಿನ ಭಾರ 4 ಟನ್ ಎಂದಿಟ್ಟುಕೊಳ್ಳಿ. ಜಾಕಿಯ ಪಾದ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 40 ಕಿಲೋ. ಟಯರು ನೆಲವನ್ನು ಒತ್ತುವುದು ಹೆಚ್ಚುಕಡಿಮೆ ತನ್ನೊಳಗಿನ ಗಾಳಿಯಷ್ಟೇ, ಸುಮಾರು 7 ಕಿಲೋ. 7 ಕಿಲೋ ತಡೆಯದೆ ಟಯರನ್ನು ನುಂಗಿದ ನೆಲ 40 ಕಿಲೋ ತಡೆದೀತೆ? ಅಲ್ಲಿ ಎತ್ತಿದಷ್ಟೂ ಲಾರಿ ಮೇಲೇಳುವುದಿಲ್ಲ, ಜಾಕಿ ಕೆಳಗಿಳಿಯುತ್ತದೆ. ಅದೇ ಜಾಕಿಯ ಕೆಳಗೆ 50 ಸೆಂಟಿಮೀಟರ್ ಉದ್ದ, 40 ಅಗಲದ ದಪ್ಪ ಹಲಗೆ ಇಟ್ಟರೆ ಒತ್ತಡ 2 ಕಿಲೋಗೆ ಇಳಿಯುತ್ತದೆ. ನಮ್ಮ ಡ್ರೈವರುಗಳು ಈ ಲೆಕ್ಕ ಬರೆದವರಲ್ಲ. ಆದರೆ ಮಲೆನಾಡಿನಲ್ಲಿ ಹಲಗೆಯಿಲ್ಲದೆ ಮಳೆಗಾಲದಲ್ಲಿ ಲಾರಿ ಹೊರಡಿಸುತ್ತಿರಲಿಲ್ಲ.

ಭಾರವನ್ನು ಹರಡಬೇಕು ಎಂಬ ಇದೇ ಪಾಠವನ್ನು ಮರಳಿನಲ್ಲಿ ಕಲಿತವನು ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ. 1920ರ ದಶಕದ ಕೊನೆಯಲ್ಲಿ ಗೆಳೆಯರೊಂದಿಗೆ ಸಾಧಾರಣ ಫೋರ್ಡ್ ಕಾರುಗಳಲ್ಲಿ ಲಿಬಿಯಾದ ಮರುಭೂಮಿಗೆ ನುಗ್ಗಿದವನು ಈತ. ಮೊದಲ ಮಹಾಯುದ್ಧದಲ್ಲಿ ಕಂದಕಗಳ ಚಾವಣಿಗೆಂದು ಮಾಡಿದ್ದ ಉಕ್ಕಿನ ದೋಣಿಯಂಥ ಪಟ್ಟಿಗಳು ಅವನಿಗೆ ಕೈರೋದ ಗುಜರಿಯಲ್ಲಿ ಸಿಕ್ಕವು. ಹೂತ ಗಾಲಿಯ ಮುಂದಿನ ಮರಳನ್ನು ತೋಡಿ, ಪಟ್ಟಿ ತುರುಕಿ, ಅದರ ಮೇಲೆ ಗಾಡಿ ಹತ್ತಿಸುವುದು ಅವನ ಉಪಾಯ. ಟಯರಿನ ಗಾಳಿಯನ್ನೂ ಇಳಿಸುತ್ತಿದ್ದ. 1940ರಲ್ಲಿ ಅವನೇ ಈಜಿಪ್ಟಿನಲ್ಲಿ ಕಟ್ಟಿದ ‘ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್’ ಟ್ರಕ್ಕುಗಳ ಪಕ್ಕದಲ್ಲಿ ಆ ಪಟ್ಟಿಗಳು ತೂಗುತ್ತಿದ್ದವು. ಮರಳಿನ ಚಲನೆಯ ಬಗ್ಗೆ ಅವನು 1941ರಲ್ಲಿ ಪ್ರಕಟಿಸಿದ ಪುಸ್ತಕವನ್ನು ವಿಜ್ಞಾನಿಗಳು ಇಂದಿಗೂ ಓದುತ್ತಾರೆ. ಬ್ಯಾಗ್ನಾಲ್ಡ್ ತನ್ನ ಪಟ್ಟಿಗಳಿಂದ ಮಾಡಿದ್ದು, ನಮ್ಮವರು ಹಲಗೆ, ಜಲ್ಲಿ, ಸೊಪ್ಪಿನಿಂದ ಮಾಡುವುದು ಒಂದೇ.

ಮಾವ ಅವತ್ತು ಮಾಡಿದ್ದರಲ್ಲಿ ಬಹುಪಾಲು ಸರಿಯಾಗಿಯೇ ಇತ್ತು. ಎಕ್ಸಲೇಟರ್ ಒತ್ತಿ ಗಾಲಿಯನ್ನು ಮತ್ತಷ್ಟು ಹೂಳಲಿಲ್ಲ. ಎಂಜಿನ್ ನಿಲ್ಲಿಸಿ, ಗುದ್ದಲಿಯಿಂದ ಕೆಸರು ಬಗೆದು, ಗಟ್ಟಿ ನೆಲ ಮಟ್ಟಮಾಡಿ, ಹಲಗೆ ಹಾಕಿ, ಜಾಕಿಯನ್ನು ಚಾಸಿಗೆ ಕೊಡದೆ ಎಕ್ಸಲಿಗೆ ಕೊಟ್ಟ. ಚಾಸಿಗೆ ಕೊಟ್ಟರೆ ಪಟ್ಟೆಗಳು ಬಿಚ್ಚಿಕೊಳ್ಳುತ್ತ ಚಾಸಿ ಮಾತ್ರ ಏಳುತ್ತದೆ, ಗಾಲಿ ಬಹಳ ಹೊತ್ತು ಕೆಸರಿನಲ್ಲೇ ಇರುತ್ತದೆ. ಎಕ್ಸಲಿಗೆ ಕೊಟ್ಟರೆ ಗಾಲಿಯೇ ನೇರ ಏಳುತ್ತದೆ. ಬಿಟ್ಟುಹೋದದ್ದು ಎರಡು. ಒಂದು, ಇಂಚು ಎತ್ತಿದ ಹಾಗೆ ಎಕ್ಸಲಿನಡಿ ಮರದ ತುಂಡುಗಳನ್ನು ಇಂಚಿಂಚಾಗಿ ಜೋಡಿಸುತ್ತ ಹೋಗುವುದು. ಜಾಕಿ ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕಲ್ಲ. ಎರಡು, ನಾನು ಇಡದ ಕಲ್ಲು.

ಗಾಲಿ ಕೆಸರು ಬಿಟ್ಟು ಮೇಲೆದ್ದಿತು. ಗುಂಡಿಗೆ ಜಲ್ಲಿ ತುಂಬಲು ಹುಡುಗ ಗಾಲಿಯಡಿ ಕೈ ಹಾಕಿದ. ಲಾರಿ ಇಳಿಜಾರಿನತ್ತ ಮುಖ ಮಾಡಿತ್ತು. ಹ್ಯಾಂಡ್‌ಬ್ರೇಕ್ ಹೆಸರಿಗೆ ಮಾತ್ರ. ಲಾರಿ ಒಂದು ಗೇಣಿನಷ್ಟು ಮುಂದಕ್ಕೆ ಜರುಗಿತು, ಜಾಕಿ ಓರೆಯಾಗಿ ಹಾರಿತು. ಅವನ ಬಲಗೈಯ ಎರಡು ಬೆರಳು ಹೋದವು.

ಗೇರಿನಲ್ಲಿದ್ದ ಲಾರಿ ಹೇಗೆ ಜರುಗಿತು? ಎರಡು ವರ್ಷ ನನಗೆ ತಿಳಿಯಲಿಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಡಿಫರೆನ್ಷಿಯಲ್ ಪಾಠ ಬಂದ ದಿನ ತಿಳಿಯಿತು. 1827ರಲ್ಲಿ ಪ್ಯಾರಿಸ್ಸಿನ ಗಡಿಯಾರ ತಯಾರಕ ಪೆಕೇರ್ ಉಗಿಗಾಡಿಗಾಗಿ ರೂಪಿಸಿದ ಗೇರುಗಳ ಜೋಡಣೆ ಅದು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು, ಒಳಗಿನ ಗಾಲಿ ಕಡಿಮೆ ಸುತ್ತಬೇಕಲ್ಲ, ಅದಕ್ಕಾಗಿ. ಎಂಜಿನ್ ಮತ್ತು ಗೇರು ನಡುವಿನ ಶಾಫ್ಟನ್ನು ಬಿಗಿಹಿಡಿದರೂ ಒಂದು ಗಾಲಿ ಮುಂದಕ್ಕೆ ತಿರುಗಬಹುದು, ಇನ್ನೊಂದು ಅಷ್ಟೇ ಹಿಂದಕ್ಕೆ ತಿರುಗಿದರೆ ಆಯಿತು. ಎರಡೂ ಗಾಲಿ ನೆಲದಲ್ಲಿರುವಾಗ ನೆಲವೇ ಅದನ್ನು ತಡೆಯುತ್ತದೆ. ಒಂದು ಗಾಲಿ ಗಾಳಿಯಲ್ಲಿದ್ದಾಗ ತಡೆಯುವವರಿಲ್ಲ. ಅಂದರೆ ಹಿಂದಿನ ಗಾಲಿಯನ್ನು ಎತ್ತಿದ ಕ್ಷಣದಿಂದ ಗೇರು ಲಾರಿಯನ್ನು ಹಿಡಿದಿರುವುದಿಲ್ಲ. ಹಿಡಿಯಬೇಕಾದದ್ದು ಕಲ್ಲು. ತರಗತಿಯಲ್ಲಿ ಎಲ್ಲರೂ ಚಿತ್ರ ಬರೆದುಕೊಳ್ಳುತ್ತಿದ್ದರು. ನನ್ನ ಕೈ ಓಡಲಿಲ್ಲ.

ನಾನು ಮೇಷ್ಟರಾದ ಮೇಲೆ ಪ್ರತಿವರ್ಷ ಆ ಪಾಠವನ್ನು ವರ್ಕ್‌ಶಾಪಿನಲ್ಲಿಯೇ ಮಾಡುತ್ತಿದ್ದೆ. ಹಳೆಯ ಚಾಸಿಯೊಂದರ ಹಿಂದಿನ ಎರಡೂ ಗಾಲಿಗಳನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರಿಗೆ ಹಾಕಿ, ಒಂದು ಗಾಲಿಯನ್ನು ಕೈಯಿಂದ ತಿರುಗಿಸಿ ಎನ್ನುತ್ತಿದ್ದೆ. ಆಚೆಯ ಗಾಲಿ ಹಿಂದಕ್ಕೆ ತಿರುಗುವುದನ್ನು ಕಂಡು ಮಕ್ಕಳು ನಗುತ್ತಿದ್ದರು.

ಆ ಹುಡುಗ ಈಗ ಹಾಸನದ ಹತ್ತಿರ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದಾನೆ. ಹೋದ ವರ್ಷ ಹೋಗಿದ್ದಾಗ ಒಮ್ಮೆಯಾದರೂ ಹೇಳಬೇಕೆಂದು ಹೇಳಿಯೇಬಿಟ್ಟೆ: ಅವತ್ತು ಮುಂದಿನ ಕಲ್ಲು ಕೊಡದೆ ಬಿಟ್ಟವನು ನಾನು. ‘ಬಿಡು ಅಂದೋನು ನಾನಲ್ವಾ ಅಣ್ಣ’ ಎಂದು ಅವನು ಚಹಾ ತರಿಸಿದ. ಅಷ್ಟರಲ್ಲಿ ಒಂದು ಟೆಂಪೊ ಬಂದು ನಿಂತಿತು. ಜಾಕಿ ಕೈಗೆತ್ತಿಕೊಳ್ಳುವ ಮೊದಲು ಅವನು ಆಚೆ ಬದಿಗೆ ಹೋದ. ಗಾಲಿಯ ಹಿಂದೊಂದು, ಮುಂದೊಂದು ಕಲ್ಲು ಕೊಟ್ಟು, ಎರಡನ್ನೂ ಕಾಲಿನಿಂದ ಒದ್ದು ನೋಡಿ ಬಂದ.