ಬಳ್ಳಾರಿ ರಸ್ತೆಯ ಕಥೆ: ಜನರನ್ನು ಕೇಳುವುದು ಯಾವಾಗ?



ಬೆಂಗಳೂರಿನಲ್ಲಿ ಒಂದು ರಸ್ತೆಗೆ ಬಳ್ಳಾರಿ ರಸ್ತೆ ಎಂದು ಹೆಸರು. ಮೇಖ್ರಿ ವೃತ್ತ, ಹೆಬ್ಬಾಳ, ಯಲಹಂಕ, ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರ, ಬಾಗೇಪಲ್ಲಿ, ಪೆನುಕೊಂಡದ ಮೇಲೆ ನಮ್ಮ ಅನಂತಪುರಕ್ಕೆ ಬರುವ ದಾರಿ ಅದೇ. ಹಿಂದೆ ರಾಷ್ಟ್ರೀಯ ಹೆದ್ದಾರಿ 7 ಎನ್ನುತ್ತಿದ್ದರು, 2010ರಲ್ಲಿ ನಂಬರು ಬದಲಾಗಿ 44 ಆಯಿತು. ದೇವನಹಳ್ಳಿಯಲ್ಲಿ 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಬೆಂಗಳೂರಿನವರಿಗೆ ಅದು ಏರ್‌ಪೋರ್ಟ್ ರಸ್ತೆಯಾಗಿಬಿಟ್ಟಿದೆ. ನಮಗೆ ಹಳೆಯ ಹೆಸರೇ ಇಷ್ಟ. ಯಾಕೆಂದರೆ 1953ರ ಅಕ್ಟೋಬರ್ 1ರವರೆಗೆ ನಮ್ಮ ಕಣೇಕಲ್ಲು, ರಾಯದುರ್ಗ ಎಲ್ಲವೂ ಬಳ್ಳಾರಿ ಜಿಲ್ಲೆಯವೇ. ಆ ದಿನ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಹೋಯಿತು. ರಸ್ತೆ ಮಾತ್ರ ಹೆಸರು ಬದಲಾಯಿಸದೆ ಉಳಿಯಿತು!

ಈ ರಸ್ತೆಯ ಮೇಲೆ 2016ರಲ್ಲಿ ಒಂದು ದೊಡ್ಡ ಜಗಳ ನಡೆಯಿತು. ಸ್ಥಳೀಯ ಆಡಳಿತದ ಪಾಠ ಮಾಡುವಾಗಲೆಲ್ಲ ನಮಗೆ ಅದು ನೆನಪಾಗುತ್ತದೆ. ಊರಿನ ರಸ್ತೆ ಅಗಲ ಮಾಡಬೇಕು, ಸೇತುವೆ ಕಟ್ಟಬೇಕು ಎಂದಾಗ ಜನರನ್ನು ಕೇಳಬೇಕು ಎಂದು ಪುಸ್ತಕದಲ್ಲಿದೆ. ಯಾವಾಗ ಕೇಳಬೇಕು ಎಂಬುದು ಪುಸ್ತಕದಲ್ಲಿಲ್ಲ. ಈ ಲೇಖನ ಅದರ ಬಗ್ಗೆಯೇ.

ಮೊದಲು ಸ್ವಲ್ಪ ಹಳೆಯ ಕಥೆ. 1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. ದತ್ತಮಂಡಲ ಎನ್ನುವುದು ಇದನ್ನೇ. ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಕಲೆಕ್ಟರಾಗಿದ್ದ. ಮುಂದೆ 1871ರಲ್ಲಿ ಮದರಾಸು ಸರ್ಕಾರ ಲೋಕಲ್ ಫಂಡ್ ಕಾಯ್ದೆ ತಂದಿತು. ಭೂಮಿಯ ಕಂದಾಯದ ಮೇಲೆ ಒಂದು ರೂಪಾಯಿಗೆ ಒಂದಾಣೆಯವರೆಗೂ ಸೆಸ್ ಹಾಕಿ ಆ ಹಣದಿಂದ ರಸ್ತೆ, ಶಾಲೆ, ಆಸ್ಪತ್ರೆ ನೋಡಿಕೊಳ್ಳುವ ವ್ಯವಸ್ಥೆ. ಅಂದರೆ ರಸ್ತೆಯ ದುಡ್ಡು ರೈತನ ಜೇಬಿನಿಂದಲೇ ಹೋಗುತ್ತಿತ್ತು. ಆದರೆ ಮಂಡಳಿಯ ಅಧ್ಯಕ್ಷರು ಕಲೆಕ್ಟರು, ಸದಸ್ಯರು ಸರ್ಕಾರ ಆರಿಸಿದವರು. ಯಾವ ದಾರಿ ಮೊದಲು, ಯಾವುದು ಆಮೇಲೆ ಎಂದು ಹೇಳುವ ಹಕ್ಕು ಸೆಸ್ ಕೊಟ್ಟವನಿಗೆ ಇರಲಿಲ್ಲ.

ಆಮೇಲೆ ಬಂದದ್ದು 1876–78ರ ಮಹಾ ಬರ. ಬಳ್ಳಾರಿ ಜಿಲ್ಲೆ ಅದರಲ್ಲಿ ನುಗ್ಗಾದಷ್ಟು ಬೇರೆ ಜಿಲ್ಲೆಗಳು ನುಗ್ಗಾದದ್ದು ಕಡಿಮೆ. ಹಸಿದವರಿಗೆ ರಸ್ತೆ, ಕೆರೆ, ಕಾಲುವೆ ಕೆಲಸ ಕೊಟ್ಟರು. 1877ರಲ್ಲಿ ರಿಚರ್ಡ್ ಟೆಂಪಲ್ ಬಂದು ಕೂಲಿಯನ್ನೂ ಕಡಿಮೆ ಮಾಡಿಸಿದ: ದಿನಕ್ಕೆ ಒಬ್ಬ ಗಂಡಾಳಿಗೆ ಒಂದು ಪೌಂಡ್ ಧಾನ್ಯದ ಬೆಲೆ, ಜೊತೆಗೆ ಒಂದಾಣೆ. ಒಂದು ಪೌಂಡ್ ಎಂದರೆ ಅರ್ಧ ಕಿಲೋಕ್ಕೂ ಕಡಿಮೆ. ಅಷ್ಟು ತಿಂದು ಕಲ್ಲು ಒಡೆಯಬೇಕು. ಈ ಸೀಮೆಯ ಜನ ರಸ್ತೆಗೆ ತೆರಿಗೆ ಕೊಟ್ಟಿದ್ದಾರೆ, ಬೆವರು ಕೊಟ್ಟಿದ್ದಾರೆ. ಅವರ ಅಭಿಪ್ರಾಯ ಮಾತ್ರ ಯಾರಿಗೂ ಬೇಕಾಗಿರಲಿಲ್ಲ.

ಅದೇ ಹೊತ್ತಿಗೆ ಮಡಕಶಿರದ ಪಕ್ಕದಲ್ಲೇ ಇದ್ದ ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಕೂಡಿಸಿದರು. ಮೊದಲ ಸಭೆಗೆ ಬಂದವರು 144 ಜನ. ಅವರೇನೂ ಬಡ ರೈತರಲ್ಲ, ಜಮೀನುದಾರರು, ವರ್ತಕರು. ತೀರ್ಮಾನ ಮಾಡುವ ಅಧಿಕಾರವೂ ಅವರಿಗಿರಲಿಲ್ಲ. ಆದರೂ ತಮ್ಮ ಊರಿನ ಕುಂದುಕೊರತೆಯನ್ನು ದಿವಾನರ ಮುಂದೆ ನಿಂತು ಹೇಳಬಹುದಿತ್ತು. ಗಡಿಯ ಈ ಕಡೆ, ಮದರಾಸು ಪ್ರಾಂತದಲ್ಲಿದ್ದ ನಮ್ಮ ಹಿರಿಯರಿಗೆ ಅಷ್ಟೂ ಇರಲಿಲ್ಲ. 1884ರಲ್ಲಿ ಲೋಕಲ್ ಬೋರ್ಡ್ ಕಾಯ್ದೆ ಬಂತು, ನಿಧಾನವಾಗಿ ಚುನಾವಣೆಗಳೂ ಬಂದವು... ಅದು ಬೇರೆ ಕಥೆ.

ಈಗ ಬೆಂಗಳೂರಿಗೆ ಬರೋಣ.

ವಿಮಾನ ನಿಲ್ದಾಣ ಬಂದ ಮೇಲೆ ಬಳ್ಳಾರಿ ರಸ್ತೆಯಲ್ಲಿ ವಾಹನಗಳ ದಟ್ಟಣೆ ವಿಪರೀತವಾಯಿತು. ಅದಕ್ಕೆ ಪರಿಹಾರವೆಂದು ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಿತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಯೋಜನೆ. ಖರ್ಚು 1,791 ಕೋಟಿ ರೂಪಾಯಿ. 812 ಮರ ಕಡಿಯಬೇಕಾಗುತ್ತಿತ್ತು. 2016ರ ಸೆಪ್ಟೆಂಬರ್ ಕೊನೆಯಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು.

ಜನರನ್ನು ಕೇಳಲಿಲ್ಲವೇ ಎಂದರೆ, ಕೇಳಿದ್ದೇವೆ ಎಂದು ಪ್ರಾಧಿಕಾರ ಹೇಳಿತು. ಅಭಿಪ್ರಾಯ ತಿಳಿಸಿದವರು 299 ಜನ, ಅವರಲ್ಲಿ ನೂರಕ್ಕೆ 73 ಮಂದಿ ಪರವಾಗಿದ್ದಾರೆ ಎಂಬ ಲೆಕ್ಕವನ್ನೂ ಕೊಟ್ಟಿತು. 2011ರ ಜನಗಣತಿಯಂತೆ ಬೆಂಗಳೂರಿನ ಜನಸಂಖ್ಯೆ 84 ಲಕ್ಷ ದಾಟಿತ್ತು. ಏಳನೇ ತರಗತಿಯ ಮಕ್ಕಳಿಗೆ ಶೇಕಡಾವಾರು ಲೆಕ್ಕ ಕೊಡುವಾಗ ಈ ಉದಾಹರಣೆ ಕೊಟ್ಟು ನೋಡಿ, ಸೊನ್ನೆಗಳನ್ನು ಬರೆಯುವುದರಲ್ಲೇ ಸಾಕಾಗಿಬಿಡುತ್ತದೆ! ಸಂಖ್ಯೆ ಹೋಗಲಿ. ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಪ್ರಶ್ನೆಯ ರೂಪ. ಈ ಸೇತುವೆ ಬೇಕೋ ಬೇಡವೋ ಎಂದು ಕೇಳಿದರು. ಈ ರಸ್ತೆಯಲ್ಲಿ ನಿಮ್ಮ ಕಷ್ಟ ಏನು, ನೀವು ಎಲ್ಲಿಂದ ಎಲ್ಲಿಗೆ ಹೋಗುತ್ತೀರಿ, ಬಸ್ಸಿನಲ್ಲೋ ಕಾರಿನಲ್ಲೋ ಎಂದು ಶುರುಮಾಡಿದ್ದರೆ ಉತ್ತರ ಬೇರೆಯೇ ಬರುತ್ತಿತ್ತೋ ಏನೋ.

2016ರ ಅಕ್ಟೋಬರ್ 16, ಭಾನುವಾರ. ಸಾವಿರಾರು ಜನ ಈ ರಸ್ತೆಯ ಉದ್ದಕ್ಕೂ ಕೈಕೈ ಹಿಡಿದು ಮಾನವ ಸರಪಳಿ ಮಾಡಿದರು. ಸಿಟಿಜನ್ಸ್ ಫಾರ್ ಬೆಂಗಳೂರು ಎಂಬ ಕೂಟದ ಕರೆ ಅದು, 'ಸ್ಟೀಲ್ ಫ್ಲೈಓವರ್ ಬೇಡ' ಎಂಬುದು ಘೋಷಣೆ. ಅದೇ ತಿಂಗಳ ಕೊನೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆಲಸಕ್ಕೆ ತಡೆ ಕೊಟ್ಟಿತು. ಹೈಕೋರ್ಟಿನಲ್ಲೂ ಮೊಕದ್ದಮೆ ನಡೆಯಿತು. ಅಲ್ಲಿ ಎತ್ತಿದ ಒಂದು ಅಂಶ ನಮ್ಮಂಥ ಪಾಠ ಹೇಳುವವರಿಗೆ ಮುಖ್ಯ. 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 243ಝಡ್‌ಇ ಎಂಬ ವಿಧಿ ಸೇರಿ, 1993ರಿಂದ ದೊಡ್ಡ ನಗರಗಳಿಗೆ ಮಹಾನಗರ ಯೋಜನಾ ಸಮಿತಿ ಇರಬೇಕೆಂದಾಗಿದೆ. ಅದರ ಸದಸ್ಯರಲ್ಲಿ ಮೂರನೇ ಎರಡರಷ್ಟಾದರೂ ಜನ ನಗರಸಭೆ, ಪಂಚಾಯಿತಿಗಳಿಂದ ಚುನಾಯಿತರಾಗಿ ಬರಬೇಕು. ಇಂಥ ಯೋಜನೆ ಆ ಸಮಿತಿಯ ಮುಂದೆ ಹೋಗಬೇಕಿತ್ತು ಎಂಬುದು ವಾದ.

ಕೊನೆಗೆ 2017ರ ಮಾರ್ಚ್ 2ರಂದು, ಅವ್ಯವಹಾರದ ಆರೋಪಗಳೂ ಎದ್ದಿದ್ದ ಹೊತ್ತಿನಲ್ಲಿ, ಯೋಜನೆ ಕೈಬಿಟ್ಟಿರುವುದಾಗಿ ಆಗಿನ ಬೆಂಗಳೂರು ಅಭಿವೃದ್ಧಿ ಸಚಿವ ಕೆ.ಜೆ. ಜಾರ್ಜ್ ಪ್ರಕಟಿಸಿದರು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಬೇಡ ಎಂದವರು ಬರೀ ಬೇಡ ಎಂದು ಮನೆಗೆ ಹೋಗಲಿಲ್ಲ. ಅದೇ ಡಿಸೆಂಬರಿನಲ್ಲಿ 'ಚುಕುಬುಕು ಬೇಕು' ಎಂದು ಉಪನಗರ ರೈಲಿಗಾಗಿ ಇನ್ನೊಂದು ಚಳವಳಿ ಮಾಡಿದರು. ಹಳಿ ಹೇಗೂ ಇದೆಯಲ್ಲ, ರೈಲು ಬಿಡಿ ಎಂಬುದು ಅವರ ಕೇಳಿಕೆ. 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹತ್ತಿರ ಒಂದು ಹಾಲ್ಟ್ ಸ್ಟೇಷನ್ ಆಗಿ ಅಲ್ಲಿಗೆ ರೈಲು ಹೋಯಿತು. 148 ಕಿಲೋಮೀಟರಿನ ಉಪನಗರ ರೈಲು ಯೋಜನೆಗೆ 2022ರಲ್ಲಿ ಶಂಕುಸ್ಥಾಪನೆಯಾಯಿತು. ಇವೆಲ್ಲ ಆ ಚಳವಳಿಯೊಂದರಿಂದಲೇ ಆದವು ಎಂದು ನಾವು ಹೇಳುವುದಿಲ್ಲ, ಉಪನಗರ ರೈಲಿನ ಬೇಡಿಕೆ ಅದಕ್ಕಿಂತ ಹಳೆಯದು.

ಹಾಗೆಂದು ಮಾನವ ಸರಪಳಿಯನ್ನೇ 'ಜನಾಭಿಪ್ರಾಯ' ಎಂದು ಒಪ್ಪಿಕೊಳ್ಳಲೂ ನಮಗೆ ಮನಸ್ಸಿಲ್ಲ. ನಮ್ಮ ಅನಂತಪುರ ಸೀಮೆಯಿಂದ ಗುಳೆ ಹೋಗುವ ಎಷ್ಟೋ ಕುಟುಂಬಗಳು ಗಂಟುಮೂಟೆ ಹಿಡಿದು ಬಸ್ಸಿನಿಂದ ಇಳಿಯುವುದು ಹೆಬ್ಬಾಳದಲ್ಲೇ. ಅವರೂ ಆ ರಸ್ತೆಯವರೇ ತಾನೇ? ಅಲ್ಲಿಂದ ಸಿಟಿ ಬಸ್ಸು ಹಿಡಿಯಲು ಮಗುವನ್ನು ಕಂಕುಳಲ್ಲಿಟ್ಟುಕೊಂಡು ರಸ್ತೆ ದಾಟುವ ತಾಯಿಗೆ ಇ-ಮೇಲ್‌ನಲ್ಲಿ ಅಭಿಪ್ರಾಯ ಕಳಿಸಿ ಎಂದರೆ ಕಳಿಸುತ್ತಾಳೆಯೇ? ಭಾನುವಾರ ಕೂಲಿ ಬಿಟ್ಟು ಸರಪಳಿಯಲ್ಲಿ ನಿಲ್ಲುತ್ತಾಳೆಯೇ? ಅವಳಿದ್ದಲ್ಲಿಗೇ ಹೋಗಿ ಕೇಳಬೇಕು. ಇದೇ ರಸ್ತೆಯ ಅಗಲೀಕರಣಕ್ಕೆ ಬೇಕಾದ ಅರಮನೆ ಮೈದಾನದ 15 ಎಕರೆ 39 ಗುಂಟೆಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ ವರ್ಷಗಟ್ಟಲೆ ನಡೆದಿದೆ. ಅರಮನೆಯವರಿಗೆ ವಕೀಲರಿದ್ದಾರೆ. ರಸ್ತೆ ಬದಿಯ ಎಳನೀರಿನವನಿಗೆ?

ಹುಬ್ಬಳ್ಳಿ-ಧಾರವಾಡದ ಕಡೆಯೂ ಸ್ವಲ್ಪ ನೋಡಿ. ಅವಳಿ ನಗರಗಳ ನಡುವೆ 22 ಕಿಲೋಮೀಟರ್ ಉದ್ದಕ್ಕೆ ಬಸ್ಸಿಗೇ ಪ್ರತ್ಯೇಕ ದಾರಿ ಮಾಡಿ, 2018ರ ಅಕ್ಟೋಬರಿನಲ್ಲಿ 'ಚಿಗರಿ' ಬಸ್ಸು ಬಿಟ್ಟರು. 2020ರ ಫೆಬ್ರವರಿಯಲ್ಲಿ ವಿಧ್ಯುಕ್ತ ಉದ್ಘಾಟನೆಯಾಯಿತು. ಬಸ್ಸು ಚೆನ್ನಾಗಿತ್ತು, ಜನ ಹತ್ತಿದರು. ಆದರೆ ಮಳೆ ಬಂದರೆ ಧಾರವಾಡದ ಟೋಲ್ ನಾಕಾದಲ್ಲಿ ನೀರು ನಿಲ್ಲುತ್ತದೆ ಎಂಬ ದೂರು ಶುರುವಾಯಿತು. ಮಳೆನೀರು ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತದೆ ಎಂಬುದು ಅಲ್ಲೇ ಮೂವತ್ತು ವರ್ಷ ಅಂಗಡಿ ಇಟ್ಟವನಿಗೆ ಗೊತ್ತಿರುವಷ್ಟು ನಕ್ಷೆ ಬರೆದವನಿಗೆ ಗೊತ್ತಿರುವುದಿಲ್ಲ. ಕಣೇಕಲ್ಲು ಕೆರೆಯ ಕೆಳಗಿನ ರೈತರನ್ನು ಕೇಳಿ, ಯಾವ ತಗ್ಗಿನಲ್ಲಿ ಮೊದಲು ನೀರು ತುಂಬುತ್ತದೆಂದು ನಿದ್ದೆಗಣ್ಣಲ್ಲೂ ಹೇಳುತ್ತಾರೆ.

ಇಂಗ್ಲೆಂಡಿನವರು ಇದನ್ನು 1969ರಲ್ಲೇ ಬರೆದಿಟ್ಟರು. ಆರ್ಥರ್ ಸ್ಕೆಫಿಂಗ್ಟನ್ ಎಂಬುವರ ಸಮಿತಿಯ ವರದಿ ಅದು. ಯೋಜನೆ ಸಿದ್ಧವಾದ ಮೇಲೆ ತೋರಿಸಿದರೆ ಸಾಲದು, ಸರ್ವೆ ಮಾಡುವ ಹಂತದಿಂದಲೇ ಜನರಿಗೆ ತಿಳಿಸುತ್ತ ಅವರ ಮಾತು ಕೇಳುತ್ತ ಹೋಗಬೇಕು ಎಂಬುದು ಅದರ ತಿರುಳು. ನಮ್ಮ ದೇಶದ 2013ರ ಭೂಸ್ವಾಧೀನ ಕಾಯ್ದೆಯಲ್ಲೂ ಇದರ ನೆರಳಿದೆ. ಭೂಮಿ ತೆಗೆದುಕೊಳ್ಳುವ ಮೊದಲು ಪಂಚಾಯಿತಿಯೊಡನೆ ಸಮಾಲೋಚಿಸಿ ಸಾಮಾಜಿಕ ಪರಿಣಾಮದ ಅಧ್ಯಯನ ಮಾಡಬೇಕು, ಬಹಿರಂಗ ವಿಚಾರಣೆ ನಡೆಸಬೇಕು, ಪ್ರಕಟಣೆ ಸ್ಥಳೀಯ ಭಾಷೆಯಲ್ಲಿರಬೇಕು. ಆದರೆ ಆಂಧ್ರಪ್ರದೇಶ 2018ರಲ್ಲಿ ತಿದ್ದುಪಡಿ ತಂದು ಕೆಲವು ಬಗೆಯ ಯೋಜನೆಗಳಿಗೆ ಈ ಅಧ್ಯಯನದಿಂದ ವಿನಾಯಿತಿ ಕೊಡಬಹುದೆಂದು ಮಾಡಿಕೊಂಡಿತು. ರಾಷ್ಟ್ರೀಯ ಹೆದ್ದಾರಿಗಳಿಗಂತೂ 1956ರ ಹೆದ್ದಾರಿ ಕಾಯ್ದೆಯದೇ ಬೇರೆ ದಾರಿ.

'ಸ್ಥಳೀಯ ಭಾಷೆ' ಎಂಬ ಮಾತಿಗೆ ಬಂದಾಗ ನಮ್ಮ ಕಷ್ಟ ಶುರುವಾಗುತ್ತದೆ. ನಮ್ಮ ಕಡೆ ಕಛೇರಿಯ ಕಾಗದ ಬರುವುದು ತೆಲುಗಿನಲ್ಲಿ. ತೆಲುಗು ಮಾತಾಡಲು ನಮಗೆಲ್ಲ ಬರುತ್ತದೆ, ಅದರ ಬಗ್ಗೆ ಬೇಸರವೂ ಇಲ್ಲ, ಅದು ನಮ್ಮ ಅಕ್ಕಪಕ್ಕದವರ ಭಾಷೆ. ಆದರೆ ಕನ್ನಡ ಶಾಲೆಯಲ್ಲಿ ಓದಿದ ಹಿರಿಯರಿಗೆ ಸರ್ವೆ ನಂಬರು, ಚದರಡಿ, ಪರಿಹಾರ, ಗಡುವು ಎಲ್ಲ ತುಂಬಿದ ತೆಲುಗು ಪ್ರಕಟಣೆ ಓದಿ ಅರ್ಥಮಾಡಿಕೊಂಡು ಉತ್ತರ ಬರೆಯುವುದು ಸುಲಭವಲ್ಲ. ಓದಿ ಹೇಳು ಎಂದು ಮಕ್ಕಳನ್ನು ಕೇಳುತ್ತಾರೆ, ಇಲ್ಲವೇ ಮೇಷ್ಟ್ರ ಹತ್ತಿರ ಬರುತ್ತಾರೆ.

ಆದ್ದರಿಂದ ಎರಡು ವಿಷಯ ನಮ್ಮ ಶಾಲೆಗಳಿಗೆ ಗೊತ್ತಿರಲಿ. ಸಂವಿಧಾನದ 350ನೇ ವಿಧಿಯ ಪ್ರಕಾರ ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗೇ ಆಗಲಿ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕುಂದುಕೊರತೆಯ ಮನವಿ ಕೊಡಬಹುದು. ಮಾತೃಭಾಷೆಯ ಪ್ರಾಥಮಿಕ ಶಿಕ್ಷಣದ 350ಎ ನಮ್ಮವರಿಗೆಲ್ಲ ಬಾಯಿಪಾಠ, ಅದರ ಮುಂಚಿನ ವಿಧಿ ಮಾತ್ರ ಮರೆತುಹೋಗುತ್ತದೆ. ಕನ್ನಡದಲ್ಲಿ ಬರೆದ ಮನವಿಯೂ ಮನವಿಯೇ. ಎಂಟು, ಒಂಬತ್ತನೇ ತರಗತಿಯ ಪತ್ರಲೇಖನಕ್ಕೆ ರಜೆ ಅರ್ಜಿಯ ಬದಲು ಒಮ್ಮೆ ಇದನ್ನು ಬರೆಸಬಹುದು: ಶಾಲೆಯ ಮುಂದಿನ ರಸ್ತೆಯನ್ನು ಯಾವ ಹೊತ್ತಿನಲ್ಲಿ ಎಷ್ಟು ಮಕ್ಕಳು ದಾಟುತ್ತಾರೆ, ಟ್ರಾಕ್ಟರು ಲಾರಿಗಳು ಎಷ್ಟು ಹೋಗುತ್ತವೆ, ಚರಂಡಿ ಎಲ್ಲಿ ಕಟ್ಟಿದೆ. ಮಕ್ಕಳೇ ಒಂದು ವಾರ ಎಣಿಸಲಿ.

ಎರಡನೆಯದು ಗಡುವಿನ ವಿಷಯ. ಹೆದ್ದಾರಿಗೆ ಭೂಮಿ ತೆಗೆದುಕೊಳ್ಳುವ 3ಎ ಪ್ರಕಟಣೆ ಬಂದರೆ ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಅವುಗಳಲ್ಲಿ ಒಂದು ದೇಶಭಾಷೆಯದಾಗಿರಬೇಕು. ಆಕ್ಷೇಪಣೆ ಲಿಖಿತವಾಗಿ, ಕಾರಣ ಸಮೇತ ಕೊಡಬೇಕು. ಕೊಟ್ಟವರನ್ನು ಅಧಿಕಾರಿ ಕರೆದು ವಿಚಾರಣೆ ಮಾಡಬೇಕು. ಅದಕ್ಕಿರುವುದು 21 ದಿನ. ಈ 21 ದಿನ ಎಣಿಸುವುದು ರಾಜಪತ್ರದಲ್ಲಿ ಪ್ರಕಟವಾದ ತಾರೀಖಿನಿಂದ. ಪತ್ರಿಕೆ ನಮ್ಮ ಕೈಗೆ ಸಿಕ್ಕುವ ಹೊತ್ತಿಗೆ ಅದರಲ್ಲಿ ಕೆಲವು ದಿನ ಆಗಲೇ ಕಳೆದುಹೋಗಿರುತ್ತವೆ.